ಹಳೆಯ ಹೆಸರು, ಹೊಸ ಪಟ್ಟಿ: ಕಾಲೇಜನ್ನು ಯಾವುದರಿಂದ ಅಳೆಯುವುದು?

ಪ್ರಶ್ನೆ: ನಾವು ಚಿಂತಾಮಣಿಯವರು. ಮಗಳು ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಕಂಪ್ಯೂಟರ್ ಸೈನ್ಸ್ ಇಲ್ಲವೇ ಎಲೆಕ್ಟ್ರಾನಿಕ್ಸ್ ಓದಬೇಕೆಂದಿದ್ದಾಳೆ. 2003ರಲ್ಲಿ ಎಂಜಿನಿಯರಿಂಗ್ ಮುಗಿಸಿದ ನನ್ನ ಭಾವನವರು ತಾವು ಓದಿದ ಕಾಲೇಜಿಗೇ ಸೇರಿಸಿ ಎನ್ನುತ್ತಾರೆ. ಆದರೆ ಅದೇ ಕಾಲೇಜು ಒಂದು ಪಟ್ಟಿಯಲ್ಲಿ ಹೋದ ವರ್ಷಕ್ಕಿಂತ ನಲವತ್ತು ಸ್ಥಾನ ಕೆಳಗಿಳಿದಿದೆ. ಅವರ ಕಾಲದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಇನ್ನೊಂದು ಕಾಲೇಜು ಅದಕ್ಕಿಂತ ಮೇಲಿದೆ. ಒಂದೇ ವರ್ಷದಲ್ಲಿ ಕಾಲೇಜು ಅಷ್ಟು ಕೆಡುತ್ತದೆಯೇ? ಭಾವನವರ ಮಾತನ್ನು ನಂಬುವುದೋ, ಪಟ್ಟಿಯನ್ನು ನಂಬುವುದೋ?

ಉತ್ತರ: ಒಂದೇ ವರ್ಷದಲ್ಲಿ ಯಾವ ಕಾಲೇಜೂ ನಲವತ್ತು ಸ್ಥಾನದಷ್ಟು ಕೆಡುವುದಿಲ್ಲ, ಅಷ್ಟು ಸುಧಾರಿಸುವುದೂ ಇಲ್ಲ. ನಿಮ್ಮ ಭಾವನವರು ಹೇಳುತ್ತಿರುವುದು ತಾವು ಓದಿದ ಕಾಲದ ಕಾಲೇಜಿನ ಮಾತು. ಪಟ್ಟಿ ಹೇಳುತ್ತಿರುವುದು ಕಾಲೇಜುಗಳು ತಾವೇ ತುಂಬಿ ಕಳುಹಿಸಿದ ಅಂಕಿ ಅಂಶಗಳನ್ನು ಒಂದು ಸೂತ್ರಕ್ಕೆ ಹಾಕಿದಾಗ ಬಂದ ಲೆಕ್ಕ. ಎರಡನ್ನೂ ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ ಜನರ ಬಾಯಲ್ಲಿರುವ ಹೆಸರು ಹತ್ತು ಹದಿನೈದು ವರ್ಷ ಹಿಂದೆ ಉಳಿದಿರುತ್ತದೆ, ಪಟ್ಟಿಯ ಸ್ಥಾನ ಕಾಲೇಜಿಗಿಂತ ಬಹಳ ವೇಗವಾಗಿ ಮೇಲೆ ಕೆಳಗೆ ಓಡಾಡುತ್ತದೆ. ನಿಮ್ಮ ಮಗಳು ಮುಂದಿನ ನಾಲ್ಕು ವರ್ಷ ಕುಳಿತು ಪಾಠ ಕೇಳಲಿರುವ ಕಾಲೇಜನ್ನು ಈ ಎರಡರ ನಡುವೆ ನಾವೇ ಹುಡುಕಿಕೊಳ್ಳಬೇಕು. ಅದಕ್ಕೆ ಬೇಕಾದ ಕಾಗದಗಳೆಲ್ಲ ಈಗ ಸಾರ್ವಜನಿಕವಾಗಿಯೇ ಸಿಗುತ್ತವೆ ಎಂಬುದು ಸಮಾಧಾನದ ಸಂಗತಿ.

ಮೊದಲು ಹೆಸರಿನ ವಿಚಾರ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಶುರುವಾದದ್ದು 1963ರಲ್ಲಿ. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಮಹಾವಿದ್ಯಾಲಯ ಮತ್ತು ಕೋಲಾರದ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರವು. ಈ ಇಸವಿಗಳನ್ನು ಸುಮ್ಮನೆ ಹೇಳುತ್ತಿಲ್ಲ. ಯಾವುದೇ ಹೊಸ ಕಾಲೇಜು ತೆರೆದಾಗ ಕೆಲಸಕ್ಕೆ ಸೇರುವ ಅಧ್ಯಾಪಕರು ಹೆಚ್ಚು ಕಡಿಮೆ ಒಂದೇ ವಯಸ್ಸಿನವರಾಗಿರುತ್ತಾರೆ. ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ ಸೇರಿ, ಪ್ರಯೋಗಾಲಯವನ್ನು ಕೈಯಾರೆ ಕಟ್ಟಿ, ಒಂದೇ ವಿಷಯವನ್ನು ಹತ್ತಾರು ತಂಡಗಳಿಗೆ ಹೇಳಿಕೊಟ್ಟು ಅದರಲ್ಲಿ ಪಳಗಿ, ಕೊನೆಗೆ ಹೆಚ್ಚೂಕಡಿಮೆ ಒಟ್ಟಿಗೇ ನಿವೃತ್ತರಾಗುತ್ತಾರೆ. ಆದ್ದರಿಂದ ಅರವತ್ತರ ದಶಕದಲ್ಲಿ ಹುಟ್ಟಿದ ಕಾಲೇಜುಗಳಲ್ಲಿ ಈ ತಲೆಮಾರು ತೊಂಬತ್ತರ ದಶಕದ ಕೊನೆಯ ಹೊತ್ತಿಗೂ, ಎಂಬತ್ತರ ದಶಕದವುಗಳಲ್ಲಿ 2015ರಿಂದ 2020ರ ಸುಮಾರಿಗೂ ಖಾಲಿಯಾಯಿತು. ಅವರ ಜಾಗಕ್ಕೆ ಯಾರು ಬಂದರು, ಬಂದವರು ಉಳಿದರೇ ಎಂಬುದೇ ಕಾಲೇಜಿನ ನಿಜವಾದ ತಿರುವು. ಈ ತಿರುವು ಯಾವ ಪಟ್ಟಿಯಲ್ಲೂ ಆ ವರ್ಷ ಕಾಣುವುದಿಲ್ಲ, ಜನರ ಬಾಯಲ್ಲಂತೂ ಇನ್ನೂ ತಡ.

ತಡವಾಗುವುದಕ್ಕೆ ಕಾರಣವಿದೆ. ಒಳ್ಳೆಯ ಅಧ್ಯಾಪಕರ ಕೈಕೆಳಗೆ ಓದಿದ ಹುಡುಗರು ಹದಿನೈದು ವರ್ಷ ಕಳೆದ ಮೇಲೆ ಕಂಪನಿಗಳಲ್ಲಿ ಮ್ಯಾನೇಜರುಗಳಾಗುತ್ತಾರೆ. ಕ್ಯಾಂಪಸ್ ಸಂದರ್ಶನಕ್ಕೆ ತಮ್ಮ ಕಾಲೇಜನ್ನೇ ಸೂಚಿಸುತ್ತಾರೆ. ನಿಮ್ಮ ಭಾವನವರಂತೆ ನಂಟರಿಷ್ಟರಿಗೂ ಅದನ್ನೇ ಹೇಳುತ್ತಾರೆ. ಹೀಗಾಗಿ ಕಾಲೇಜಿನ ಹೆಸರು ಅತ್ಯಂತ ಎತ್ತರದಲ್ಲಿರುವ ಹೊತ್ತಿಗೆ, ಆ ಹೆಸರನ್ನು ತಂದುಕೊಟ್ಟ ಮೇಷ್ಟರುಗಳಲ್ಲಿ ಹೆಚ್ಚಿನವರು ಪಿಂಚಣಿ ತೆಗೆದುಕೊಳ್ಳುತ್ತಿರುತ್ತಾರೆ. ಇದು ಉಲ್ಟಾ ಕೂಡ ನಿಜ: ಹತ್ತು ವರ್ಷದಿಂದ ಗಟ್ಟಿಯಾಗಿ ಪಾಠ ನಡೆಯುತ್ತಿರುವ ಕಾಲೇಜಿಗೂ ಊರಿನವರು ಅದರ ಆರಂಭದ ದಿನಗಳ ಅಡ್ಡ ಹೆಸರನ್ನೇ ಇನ್ನೂ ಅಂಟಿಸಿರುತ್ತಾರೆ. ಹೆಸರೇ ಬದಲಾದರೂ ಹಳೆಯದು ಬಿಡುವುದಿಲ್ಲ. ಕೆಜಿಎಫ್‌ನ ಗೋಲ್ಡನ್ ವ್ಯಾಲಿ ಕಾಲೇಜು ಈಗ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಮಹಾವಿದ್ಯಾಲಯವಾಗಿದ್ದರೂ ಹಳಬರು ಕೇಳುವುದು ಹಳೆಯ ಹೆಸರಿನಲ್ಲೇ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಮೂರೂವರೆ ದಶಕದ ಹಿಂದೆ ಕಾಲೇಜುಗಳ ಮೇಲು ಕೀಳನ್ನು ಪೋಷಕರು ಅಳೆಯುತ್ತಿದ್ದದ್ದು ಯಾವುದರಿಂದ? ನನ್ನನ್ನು ಕೇಳಿದರೆ, ಡೊನೇಷನ್ ದರದಿಂದ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1984ರಲ್ಲೇ ತಂದಿತ್ತು. ಆದರೂ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಎಂಬ ದರವನ್ನು ಸರ್ಕಾರದ ಅಧಿಸೂಚನೆಯೇ ಗೊತ್ತುಮಾಡಿತ್ತು. ಆ ಪದ್ಧತಿ ಸಲ್ಲದೆಂದು 1992ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದು ನಮ್ಮ ತುಮಕೂರಿನ ವೈದ್ಯಕೀಯ ಕಾಲೇಜೊಂದರ ಪ್ರವೇಶದ ವಿಷಯದಲ್ಲಿಯೇ. ಮರುವರ್ಷ ಖಾಸಗಿ ಕಾಲೇಜುಗಳ ಪ್ರವೇಶಕ್ಕೆ ನಿಯಮ ಹಾಕಿದ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು; 1994ರಲ್ಲಿ ಸಿಇಟಿ ಘಟಕ ಸ್ಥಾಪನೆಯಾಯಿತು. ಒಂದೇ ಪರೀಕ್ಷೆ ಬರೆದ ಮಕ್ಕಳು ಸಾಲಾಗಿ ನಿಂತು ಕಾಲೇಜು ಆರಿಸಿಕೊಳ್ಳತೊಡಗಿದ ಮೇಲಷ್ಟೇ, ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಅಳತೆ ನಮ್ಮ ಕೈಗೆ ಬಂದದ್ದು. ಅದರ ಬಳಕೆಯ ಬಗ್ಗೆ ಮುಂದೆ ಹೇಳುತ್ತೇನೆ.

ಭಾವನವರು 2003ರಲ್ಲಿ ಮುಗಿಸಿದ್ದರೆ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಮೊದಮೊದಲ ತಂಡಗಳವರು. ಆಗ ಬೀದರಿನಿಂದ ಚಾಮರಾಜನಗರದವರೆಗೆ ವಿಟಿಯುವಿನ ಎಲ್ಲ ಕಾಲೇಜಿಗೂ ಒಂದೇ ಪ್ರಶ್ನೆಪತ್ರಿಕೆ ಇತ್ತು. ಫಲಿತಾಂಶದ ಶೇಕಡಾವಾರು ಹೋಲಿಸಿದರೆ ಅದಕ್ಕೆ ಅರ್ಥವಿತ್ತು. ಈಗ ಸ್ವಾಯತ್ತ ಕಾಲೇಜುಗಳು ಪ್ರಶ್ನೆಪತ್ರಿಕೆಯನ್ನೂ ಮೌಲ್ಯಮಾಪನವನ್ನೂ ತಾವೇ ನಡೆಸುತ್ತವೆ. ಸ್ವಾಯತ್ತತೆ ಒಳ್ಳೆಯದೇ, ಪಠ್ಯಕ್ರಮವನ್ನು ಬೇಗ ಬದಲಿಸಬಹುದು; ಆದರೆ ಸ್ವಾಯತ್ತ ಕಾಲೇಜಿನ ಶೇ. 95 ಫಲಿತಾಂಶವನ್ನು ಪಕ್ಕದ ವಿಟಿಯು ಕಾಲೇಜಿನ ಶೇ. 70ರೊಡನೆ ತೂಗಿ ನೋಡುವುದರಲ್ಲಿ ಅರ್ಥವಿಲ್ಲ. ಪದವಿ ಕಾಲೇಜುಗಳಲ್ಲೂ ಇಂಥದ್ದೇ ಒಂದು ಮಾತಿದೆ. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯವೂ 2017ರಲ್ಲಿ ಕೋಲಾರ ಕೇಂದ್ರವಾಗಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೂ ಬಂದ ಮೇಲೆ, ಅದೇ ಕಾಲೇಜಿನ ಅದೇ ಕೊಠಡಿಯಲ್ಲಿ ಓದಿದ ಅಣ್ಣ ತಮ್ಮಂದಿರ ಅಂಕಪಟ್ಟಿಯ ಮೇಲೆ ಬೇರೆ ಬೇರೆ ಹೆಸರು ಬಂತು. ಊರಿನವರು ಅದನ್ನು ಮೇಲು ಕೀಳೆಂದು ಓದಿಕೊಂಡರು. ಪಾಠ ಮಾತ್ರ ಅದೇ ಇತ್ತು.

ಇನ್ನು ಪಟ್ಟಿಯ ವಿಚಾರ. ಖಾಸಗಿ ಪತ್ರಿಕೆಗಳ ಪಟ್ಟಿಗಳನ್ನು ನಾನು ಬದಿಗಿಡುತ್ತೇನೆ. ಪಟ್ಟಿಯ ಪಕ್ಕದ ಪುಟದಲ್ಲಿ ಯಾರ ಜಾಹೀರಾತಿದೆ ಎಂದು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಎಂಜಿನಿಯರಿಂಗ್ ವಿಭಾಗದಲ್ಲಿ ಅದು ನೂರು ಅಂಕವನ್ನು ಹಂಚುವುದು ಹೀಗೆ: ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಓದು ಮುಗಿಸಿದವರ ಸ್ಥಿತಿಗತಿಗೆ 20, ಹೊರರಾಜ್ಯದವರು, ಮಹಿಳೆಯರು ಮತ್ತು ಹಿಂದುಳಿದವರ ಪ್ರಾತಿನಿಧ್ಯಕ್ಕೆ 10, ಇತರರ ಅಭಿಪ್ರಾಯಕ್ಕೆ 10. ಸಂಶೋಧನೆಗೂ ಬೋಧನೆಗೂ ಸಮಾನ ತೂಕವಿರುವುದನ್ನು ಗಮನಿಸಿ. ಪ್ರಬಂಧಗಳ ಸಂಖ್ಯೆಯನ್ನು ಒಂದೆರಡು ವರ್ಷದಲ್ಲಿ ಏರಿಸಬಹುದು. ಒಬ್ಬೊಬ್ಬ ಅಧ್ಯಾಪಕರಿಗೂ ವರ್ಷಕ್ಕೆ ಇಷ್ಟು ಎಂದು ಗುರಿ ಕೊಟ್ಟರೆ ಸಾಕು. ಮೂರನೇ ಸೆಮಿಸ್ಟರಿನ ನೆಟ್‌ವರ್ಕ್ ಅನಾಲಿಸಿಸ್ ಪಾಠಕ್ಕೆ ಅದರಿಂದ ಏನೂ ಆಗುವುದಿಲ್ಲ, ಬದಲಿಗೆ ಪಾಠದ ತಯಾರಿಯ ಸಮಯ ಕಡಿಮೆಯಾಗಬಹುದು. ಈ ಭರಾಟೆ ಎಲ್ಲಿಗೆ ಮುಟ್ಟಿತೆಂದರೆ, ಹಿಂತೆಗೆದುಕೊಳ್ಳಲಾದ ಪ್ರಬಂಧಗಳಿಗೆ 2025ರ ಪಟ್ಟಿಯಿಂದ ಅಂಕ ಕಳೆಯುವ ವ್ಯವಸ್ಥೆಯನ್ನೇ ತರಬೇಕಾಯಿತು.

ನಲವತ್ತು ಸ್ಥಾನ ಹೇಗೆ ಜಾರುತ್ತದೆ ಎಂಬುದು ಈಗ ಸುಲಭವಾಗಿ ತಿಳಿಯುತ್ತದೆ. ಪಟ್ಟಿಯ ತುದಿಯಲ್ಲಿರುವ ಐಐಟಿಗಳ ನಡುವೆ ಅಂಕದ ಅಂತರ ದೊಡ್ಡದಿರುತ್ತದೆ. ಐಐಟಿ ಮದ್ರಾಸ್ 2016ರಿಂದ 2025ರವರೆಗೆ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಕೆಳಕ್ಕೆ ಬಂದಂತೆ ಕಾಲೇಜುಗಳು ಒತ್ತೊತ್ತಾಗಿ ನಿಲ್ಲುತ್ತವೆ, ಒಂದು ಅಂಕದೊಳಗೆ ಹಲವು ಕಾಲೇಜುಗಳಿರುತ್ತವೆ. ಅಲ್ಲಿ ಇಬ್ಬರು ಪಿಎಚ್.ಡಿ. ಪಡೆದ ಅಧ್ಯಾಪಕರು ಬಿಟ್ಟುಹೋದರೂ ಸ್ಥಾನ ಬದಲಾಗುತ್ತದೆ. ಹೊಸದಾಗಿ ಕೆಲವು ಕಾಲೇಜುಗಳು ಅರ್ಜಿ ಹಾಕಿದರೂ ಬದಲಾಗುತ್ತದೆ. ಭಾಗವಹಿಸುವುದು ಐಚ್ಛಿಕ, ಅರ್ಜಿ ಹಾಕದ ಕಾಲೇಜು ಪಟ್ಟಿಯಲ್ಲೇ ಇರುವುದಿಲ್ಲ. ನೂರರ ನಂತರ ಸ್ಥಾನವನ್ನು ಬಿಡಿಬಿಡಿಯಾಗಿ ಕೊಡದೆ 101ರಿಂದ 150, 151ರಿಂದ 200 ಎಂದು ಗುಂಪುಗಟ್ಟಿ ಹೇಳುವುದು ಇದೇ ಕಾರಣಕ್ಕೆ ಇರಬೇಕು. ಸಣ್ಣಪುಟ್ಟ ಕಾಲೇಜುಗಳಿಗಷ್ಟೇ ಹೀಗಾಗುವುದಿಲ್ಲ. ಅಮೆರಿಕದ ಯುಎಸ್ ನ್ಯೂಸ್ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಕೊಲಂಬಿಯಾ ವಿಶ್ವವಿದ್ಯಾಲಯ 2022ರ ಸೆಪ್ಟೆಂಬರಿನಲ್ಲಿ ಹದಿನೆಂಟಕ್ಕೆ ಇಳಿಯಿತು. ಅಲ್ಲಿಯದೇ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಡಿಯಸ್ ಅವರು ಸಂಸ್ಥೆ ಕಳುಹಿಸಿದ ಅಂಕಿ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಿ, ತರಗತಿಯ ಗಾತ್ರ ಮೊದಲಾದ ಲೆಕ್ಕಗಳು ಸರಿಯಿಲ್ಲವೆಂದು ಬಹಿರಂಗವಾಗಿ ಬರೆದಿದ್ದರು. ಆ ಒಂದು ವರ್ಷದಲ್ಲಿ ಅಲ್ಲಿನ ಪಾಠ ಕೆಟ್ಟಿರಲಿಲ್ಲ, ಲೆಕ್ಕ ತಿದ್ದಲ್ಪಟ್ಟಿತ್ತು.

ನ್ಯಾಕ್ ಶ್ರೇಣಿಯ ಬಗ್ಗೆಯೂ ಎಚ್ಚರವಿರಲಿ. ಕಾಲೇಜುಗಳನ್ನು ಪರಿಶೀಲಿಸಿ ನಾಲ್ಕಕ್ಕೆ ಇಷ್ಟು ಅಂಕವೆಂದು ಶ್ರೇಣಿ ಕೊಡುವ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಈ ಸಂಸ್ಥೆ 1994ರದ್ದು. 2007ರ ಪದ್ಧತಿಯಲ್ಲಿ 3.01ರಿಂದ 4ರವರೆಗೆ ಎಲ್ಲವೂ 'ಎ' ಆಗಿತ್ತು. 2016ರಲ್ಲಿ ಅದನ್ನು ಒಡೆದರು; ಆಮೇಲೆ ಮತ್ತೆ ತಿದ್ದಿ 3.51ರ ಮೇಲೆ 'ಎ ಪ್ಲಸ್ ಪ್ಲಸ್', 3.26ರ ಮೇಲೆ 'ಎ ಪ್ಲಸ್', 3.01ರಿಂದ 3.25ರವರೆಗೆ ಬರೀ 'ಎ' ಎಂದು ಮಾಡಿದರು. ಹೀಗಾಗಿ ಹಳೆಯ 'ಎ' ಅತ್ಯುನ್ನತ ಶ್ರೇಣಿ, ಹೊಸ 'ಎ' ಮೂರನೆಯದು. ಕಾಲೇಜಿನ ಗೇಟಿನ ಮೇಲಿನ ಬೋರ್ಡಿನಲ್ಲಿ ಅಕ್ಷರ ಮಾತ್ರ ಇದ್ದು ಇಸವಿ ಇಲ್ಲದಿದ್ದರೆ ಅದನ್ನು ಓದದಿದ್ದರೂ ನಡೆಯುತ್ತದೆ. ಪರಿಶೀಲನಾ ತಂಡ ಬರುವ ಮುಂಚಿನ ವಾರಗಳನ್ನು ಒಳಗಿನಿಂದ ನೋಡಿದವನಾಗಿ ಒಂದು ಮಾತು ಹೇಳುತ್ತೇನೆ: ಒಂದೊಂದು ಕ್ರೈಟೀರಿಯಾಕ್ಕೂ ಫೈಲು ಸಿದ್ಧಪಡಿಸಲು ಅಧ್ಯಾಪಕರು ರಾತ್ರಿಯವರೆಗೆ ಕುಳಿತಿರುತ್ತಾರೆ, ಫೋಟೋಗಳಿಗೆ ದಿನಾಂಕ ಮತ್ತು ಸ್ಥಳದ ಮುದ್ರೆ ಇದೆಯೇ ಎಂದು ತಡಕಾಡುತ್ತಾರೆ, ಗೋಡೆಗೆ ಸುಣ್ಣ ಬಣ್ಣವಾಗುತ್ತದೆ. ಫೈಲು ಚೆನ್ನಾಗಿ ಮಾಡುವ ಕಾಲೇಜಿಗೆ ಒಳ್ಳೆಯ ಶ್ರೇಣಿ ಬರುತ್ತದೆ. ಅದು ಆಡಳಿತದ ಶಿಸ್ತನ್ನು ತೋರಿಸುತ್ತದೆ, ತರಗತಿಯನ್ನಲ್ಲ. ಇದಕ್ಕಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಎನ್‌ಬಿಎ, ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ. ಅದನ್ನು ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ ಪ್ರತ್ಯೇಕವಾಗಿ, ಇಂತಿಷ್ಟು ವರ್ಷಕ್ಕೆಂದು ಕೊಡುತ್ತಾರೆ. ಮಗಳು ಸೇರುವ ಬ್ರಾಂಚಿಗೇ ಅದು ಇದೆಯೇ, ಅವಧಿ ಮುಗಿದಿದೆಯೇ ಎಂದು ನೋಡಿ. ಕೃತಕ ಬುದ್ಧಿಮತ್ತೆಯಂಥ ತೀರಾ ಹೊಸ ಬ್ರಾಂಚಿಗೆ ಇಲ್ಲದಿದ್ದರೆ ಅದು ದೋಷವಲ್ಲ. ಎರಡು ತಂಡಗಳಾದರೂ ಓದಿ ಹೊರಬರದೆ ಅರ್ಜಿ ಹಾಕುವಂತಿಲ್ಲ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಎನ್‌ಐಆರ್‌ಎಫ್‌ನ ಸ್ಥಾನವನ್ನು ಮರೆತುಬಿಡಿ, ಆದರೆ ಅದಕ್ಕೆಂದು ಕಾಲೇಜು ತುಂಬಿಕೊಟ್ಟ ವಿವರಗಳ ಪಿಡಿಎಫ್ ಕಡತವನ್ನು ಬಿಡಬೇಡಿ. ಅದನ್ನು ಕಾಲೇಜು ತನ್ನ ಜಾಲತಾಣದಲ್ಲಿ ಹಾಕಲೇಬೇಕೆಂಬ ನಿಯಮವಿದೆ. ಸ್ಥಾನಕ್ಕಿಂತ ಈ ಕಡತ ನೂರು ಪಾಲು ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಒಂದು ಕೋಷ್ಟಕ ಪ್ಲೇಸ್‌ಮೆಂಟಿನದು. ಆ ತಂಡಕ್ಕೆ ಮೊದಲ ವರ್ಷ ಎಷ್ಟು ಮಕ್ಕಳು ಸೇರಿದರು, ಎರಡನೇ ವರ್ಷಕ್ಕೆ ಡಿಪ್ಲೊಮಾದಿಂದ ಎಷ್ಟು ಮಂದಿ ನೇರವಾಗಿ ಬಂದರು, ನಾಲ್ಕೇ ವರ್ಷದಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು, ಸಂಬಳದ ಮಧ್ಯಾಂಕ ಎಷ್ಟು ಎಂದು ಸಾಲಾಗಿ ಇರುತ್ತದೆ. ಲೆಕ್ಕದ ಸಲುವಾಗಿ ಒಂದು ಉದಾಹರಣೆ ಇಟ್ಟುಕೊಳ್ಳಿ: ಸೇರಿದವರು 540, ಡಿಪ್ಲೊಮಾದಿಂದ ಬಂದವರು 60, ಸಕಾಲಕ್ಕೆ ಮುಗಿಸಿದವರು 390, ಕೆಲಸ ಸಿಕ್ಕವರು 270. ಹೆದ್ದಾರಿ ಬದಿಯ ಫ್ಲೆಕ್ಸ್ ಬೋರ್ಡಿನಲ್ಲಿ ಇದೇ ಕಾಲೇಜು 'ಶೇ. 90 ಪ್ಲೇಸ್‌ಮೆಂಟ್' ಎಂದು ಬರೆದುಕೊಳ್ಳಬಹುದು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇಲ್ಲದೆ, ಸಂದರ್ಶನಕ್ಕೆ ಹೆಸರು ಕೊಟ್ಟವರು 300 ಮಂದಿಯಾಗಿದ್ದರೆ ಆ ಲೆಕ್ಕ ಸರಿಯೂ ಆಗುತ್ತದೆ. ನಿಮಗೆ ಬೇಕಾದದ್ದು 600ಕ್ಕೆ 270. ಹಾಗೆಯೇ ಬೋರ್ಡಿನ ಮೇಲಿನ ಅತಿ ದೊಡ್ಡ ಪ್ಯಾಕೇಜ್ ಒಬ್ಬ ಹುಡುಗನದ್ದು. ಮಧ್ಯಾಂಕವೆಂದರೆ ಕೆಲಸ ಸಿಕ್ಕವರಲ್ಲಿ ಸರಿಯಾಗಿ ನಡುವೆ ನಿಂತವನ ಸಂಬಳ. ಮೂರು ತಂಡಗಳ ಲೆಕ್ಕ ಅಲ್ಲೇ ಒಂದರ ಕೆಳಗೊಂದು ಇರುವುದರಿಂದ, ಕಾಲೇಜು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

ಅದೇ ಕಡತದ ಕೊನೆಯಲ್ಲಿ ಅಧ್ಯಾಪಕರ ಪಟ್ಟಿ ಇರುತ್ತದೆ: ಹೆಸರು, ವಯಸ್ಸು, ವಿದ್ಯಾರ್ಹತೆ, ತಿಂಗಳುಗಳಲ್ಲಿ ಅನುಭವ, ಸೇರಿದ ದಿನಾಂಕ, ಬಿಟ್ಟ ದಿನಾಂಕ. ಸೇರಿದ ದಿನಾಂಕದ ಸಾಲನ್ನು ಮೇಲಿಂದ ಕೆಳಕ್ಕೆ ಬೆರಳಿಟ್ಟು ನೋಡುತ್ತ ಹೋಗಿ. ಹತ್ತು ಹನ್ನೆರಡು ವರ್ಷದಿಂದ ಇರುವವರು, ಐದಾರು ವರ್ಷದವರು, ಹೊಸಬರು ಮಿಶ್ರವಾಗಿದ್ದರೆ ಅದು ಆರೋಗ್ಯದ ಲಕ್ಷಣ. ಅರ್ಧಕ್ಕಿಂತ ಹೆಚ್ಚು ಮಂದಿ ಕಳೆದೆರಡು ವರ್ಷದೊಳಗೆ ಸೇರಿದವರಾಗಿದ್ದು, ಬಿಟ್ಟವರ ಸಂಖ್ಯೆಯೂ ಅಷ್ಟೇ ಇದ್ದರೆ, ಅಲ್ಲಿ ಅಧ್ಯಾಪಕರು ನಿಲ್ಲುತ್ತಿಲ್ಲ ಎಂದರ್ಥ. ಅಂಥ ಕಡೆ ಪಟ್ಟಿಯ ಸ್ಥಾನ ಎಷ್ಟೇ ಇದ್ದರೂ ನಾನು ಹಿಂದೆ ಮುಂದೆ ನೋಡುತ್ತೇನೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಇದು ವಿಶೇಷವಾಗಿ ಮುಖ್ಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ ಒಂದೆರಡು ಗಂಟೆಯ ದಾರಿ. ಈ ಹತ್ತಿರದಿಂದಾಗಿ ಒಳ್ಳೆಯ ಅಧ್ಯಾಪಕರು ಬೆಂಗಳೂರಿನಲ್ಲಿ ಮನೆ ಇಟ್ಟುಕೊಂಡೇ ರೈಲಿನಲ್ಲೋ ಕಾಲೇಜು ಬಸ್ಸಿನಲ್ಲೋ ಬಂದುಹೋಗಬಹುದು. ಅದೇ ಹತ್ತಿರದಿಂದಾಗಿ ಮನೆ ಪಕ್ಕದ ಕಾಲೇಜಿನಲ್ಲಿ ಜಾಗ ಸಿಕ್ಕ ದಿನ ಬಿಟ್ಟುಹೋಗಲೂಬಹುದು. ಕಾಲೇಜು ನೋಡಲು ಹೋದಾಗ ಪ್ರಿನ್ಸಿಪಾಲರ ಕೊಠಡಿಯಿಂದ ಶುರು ಮಾಡಬೇಡಿ. ಸಂಜೆ ಬಸ್ಸುಗಳು ಹೊರಟ ಮೇಲೆ ವಿಭಾಗದ ಪ್ರಯೋಗಾಲಯ, ಗ್ರಂಥಾಲಯಗಳ ಬಾಗಿಲು ತೆರೆದಿವೆಯೇ ನೋಡಿ, ಅಲ್ಲಿ ಕುಳಿತಿರುವ ಕೊನೆಯ ವರ್ಷದ ಮಕ್ಕಳನ್ನು ಪ್ರಾಜೆಕ್ಟಿಗೆ ಮಾರ್ಗದರ್ಶಕರು ಯಾರು, ವಾರಕ್ಕೆ ಎಷ್ಟು ಸಲ ಸಿಗುತ್ತಾರೆ ಎಂದು ಕೇಳಿ.

ಉಳಿದದ್ದು ಸಿಇಟಿ ಕಟಾಫ್. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ಸುತ್ತಿನ ನಂತರ ಕಾಲೇಜುವಾರು, ಬ್ರಾಂಚ್‌ವಾರು, ಪ್ರವರ್ಗವಾರು ಕೊನೆಯ ರ‍್ಯಾಂಕನ್ನು ಪ್ರಕಟಿಸುತ್ತದೆ. ಪೋಷಕರು ಸಾಮಾನ್ಯವಾಗಿ ಒಂದೇ ಕಾಲೇಜಿನ ಎರಡು ವರ್ಷದ ಸಂಖ್ಯೆ ಹಿಡಿದು, ಕಟಾಫ್ ಹಿಂದಕ್ಕೆ ಹೋಗಿದೆ, ಕಾಲೇಜು ಬಿತ್ತು ಎನ್ನುತ್ತಾರೆ. ಆದರೆ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಕೇಂದ್ರದ ಎಐಸಿಟಿಇ 2024-25ರಿಂದ ಒಂದು ಬ್ರಾಂಚಿನ ಸೀಟುಗಳ ಮೇಲಿದ್ದ ಗರಿಷ್ಠ ಮಿತಿಯನ್ನು ತೆಗೆದುಹಾಕಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿದಷ್ಟೂ, ಮೊದಲು ತುಮಕೂರಿಗೋ ಚಿಕ್ಕಬಳ್ಳಾಪುರಕ್ಕೋ ಬರುತ್ತಿದ್ದ ರ‍್ಯಾಂಕಿನ ಮಕ್ಕಳಿಗೆ ಅಲ್ಲೇ ಜಾಗ ಸಿಗುತ್ತದೆ. ಇಲ್ಲಿನ ಕಟಾಫ್ ತಾನಾಗಿ ಹಿಂದೆ ಸರಿಯುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿನ ಧಾರಣೆ ಬಿದ್ದ ದಿನ ನಮ್ಮ ಹಣ್ಣು ಕೆಟ್ಟಿರುವುದಿಲ್ಲ, ಬೇರೆ ಕಡೆಯ ಲಾರಿಗಳು ಹೆಚ್ಚು ಬಂದಿರುತ್ತವೆ. ಆದ್ದರಿಂದ ಕಾಲೇಜನ್ನು ಅದರ ಹಿಂದಿನ ವರ್ಷದೊಡನೆ ಹೋಲಿಸದೆ, ಅದೇ ವರ್ಷ, ಅದೇ ಬ್ರಾಂಚ್, ಅದೇ ಪ್ರವರ್ಗ, ಅದೇ ಸುತ್ತಿನಲ್ಲಿ ನೆರೆಯ ಮೂರು ನಾಲ್ಕು ಕಾಲೇಜುಗಳೊಡನೆ ಹೋಲಿಸಿ. ಎರಡು ಕಾಲೇಜುಗಳ ನಡುವಿನ ಅಂತರ ನಾಲ್ಕೈದು ವರ್ಷದಲ್ಲಿ ಒಂದೇ ದಿಕ್ಕಿನಲ್ಲಿ ಹಿಗ್ಗಿದ್ದರೆ ಅಥವಾ ಕುಗ್ಗಿದ್ದರೆ ಮಾತ್ರ ಅದಕ್ಕೆ ಬೆಲೆ ಕೊಡಿ. ಅಷ್ಟಾದರೂ ಅದು ಬೇಡಿಕೆಯ ಅಳತೆಯೇ ಹೊರತು ಬೋಧನೆಯದಲ್ಲ: ಹೆಣ್ಣುಮಕ್ಕಳ ಹಾಸ್ಟೆಲ್, ಶುಲ್ಕ, ಬಸ್ಸಿನ ಅನುಕೂಲ ಎಲ್ಲವೂ ಅದರಲ್ಲಿ ಸೇರಿರುತ್ತವೆ, ಜೊತೆಗೆ ಹೋದ ವರ್ಷದ ಕಟಾಫ್ ನೋಡಿಯೇ ಈ ವರ್ಷದವರೂ ಆರಿಸಿಕೊಂಡಿರುತ್ತಾರೆ.

ಹಾಗಾದರೆ ಭಾವನವರ ಮಾತಿಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ, ಆದರೆ ಬೇರೆ ವಿಷಯದಲ್ಲಿ. ತಮಗೆ ಪಾಠ ಹೇಳಿದವರಲ್ಲಿ ಯಾರು ಯಾರು ಇನ್ನೂ ಅಲ್ಲಿದ್ದಾರೆ, ವಿಭಾಗದ ಈಗಿನ ಮುಖ್ಯಸ್ಥರು ಯಾರ ಶಿಷ್ಯರು ಎಂದು ಅವರನ್ನು ಕೇಳಿ. ಇಪ್ಪತ್ತು ವರ್ಷದ ಹಿಂದಿನ ನಾಲ್ಕು ಹೆಸರಲ್ಲಿ ಎರಡಾದರೂ ಈಗಿನ ಪಟ್ಟಿಯಲ್ಲಿದ್ದರೆ, ಅವರ ಹೊಗಳಿಕೆಯಲ್ಲಿ ಇನ್ನೂ ಸತ್ವವಿದೆ. ತಮ್ಮ ಕಂಪನಿಗೆ ಕಳೆದ ಎರಡು ಮೂರು ವರ್ಷಗಳಲ್ಲಿ ಆ ಕಾಲೇಜಿನಿಂದ ಬಂದ ಹೊಸಬರು ಹೇಗಿದ್ದಾರೆ ಎಂದೂ ಕೇಳಿ. 2003ರ ನೆನಪಿಗಿಂತ ಆ ಉತ್ತರ ಉಪಯುಕ್ತ.

ಆಪ್ಷನ್ ಎಂಟ್ರಿಯ, ಅಂದರೆ ಸಿಇಟಿ ಸೀಟಿಗಾಗಿ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವ ವಿಷಯದಲ್ಲಿ ಕೊನೆಯದಾಗಿ ಒಂದು ಸಲಹೆ. ಇಷ್ಟೆಲ್ಲ ನೋಡಿ ಆರಿಸಿಕೊಂಡ ಕಾಲೇಜುಗಳನ್ನು ಮಗಳ ಇಷ್ಟದ ಕ್ರಮದಲ್ಲೇ ಬರೆಯಿರಿ, ಕಟಾಫ್ ಕ್ರಮದಲ್ಲಿ ಬೇಡ. ಸಿಗಲಾರದು ಎನಿಸುವ ಕಾಲೇಜನ್ನು ಮೇಲೆ ಬರೆದರೂ ಕೆಳಗಿನ ಸೀಟು ಅದರಿಂದ ಕೈತಪ್ಪುವುದಿಲ್ಲ. ಕನ್ನಡ ಮಾಧ್ಯಮ ಅಥವಾ ಗ್ರಾಮೀಣ ಮೀಸಲಾತಿಗೆ ಅವಳು ಅರ್ಹಳಾಗಿದ್ದರೆ ಆ ಸಾಲಿನ ಕಟಾಫನ್ನೂ ನೋಡಿಕೊಳ್ಳಿ, ಸಾಮಾನ್ಯ ವರ್ಗದ ಸಂಖ್ಯೆ ನೋಡಿ ಹೆದರಿ ಕೈಬಿಡುವವರು ಬಹಳ ಮಂದಿ. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೆ ಕ್ರಮವನ್ನು ಬದಲಿಸಲು ಕೆಲವು ದಿನ ಅವಕಾಶ ಕೊಡುತ್ತಾರೆ; ಕಾಲೇಜುಗಳಿಗೆ ಹೋಗಿ ನೋಡಿ ಬರುವುದನ್ನು ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.